ಓದಿ ಹಾಕಿದ ರುಜು

ಕೋಡುಗಳನ್ನು ಒಂದೊಂದಾಗಿ ಎತ್ತಿ, ತೊಟ್ಟಿನಿಂದ ತುದಿಯವರೆಗೆ ಹೆಬ್ಬೆರಳು ತೋರುಬೆರಳಿನ ನಡುವೆ ಮೆಲ್ಲಗೆ ನೀವಿ, ಮಗ್ಗುಲು ಬದಲಿಸಿ ಮತ್ತೆ ಕರಿಕಂಬಳಿಯ ಮೇಲೆ ಇಡುತ್ತ ಸರೋಜಮ್ಮ ಅರ್ಧ ಅಂಗಳ ದಾಟಿದ್ದಳು. ಕುಕ್ಕರುಗಾಲಲ್ಲಿ ಕೂತು ಕೂತು ಮೊಣಕಾಲಿಂದ ಕೆಳಗಿನ ಕಾಲು ತನ್ನದಲ್ಲ ಅನ್ನಿಸುತ್ತಿತ್ತು. ವೆನಿಲಾ ಕೋಡು ಬಳ್ಳಿಯಲ್ಲಿರುವಾಗ ಹಸಿರು, ಮೂಗಿಗೆ ಹಿಡಿದರೆ ಎಂಥ ವಾಸನೆಯೂ ಇಲ್ಲ. ಕೊಯ್ದು, ಬಿಸಿನೀರಲ್ಲಿ ಅದ್ದಿ, ಕಂಬಳಿಯಲ್ಲಿ ಸುತ್ತಿ, ಮರದ ಪೆಟ್ಟಿಗೆಯಲ್ಲಿಟ್ಟು ಬೆವರಿಸಿ, ದಿನಕ್ಕಿಷ್ಟು ಬಿಸಿಲು ತೋರಿಸಿ ಮತ್ತೆ ಸುತ್ತಿಟ್ಟು, ಹೀಗೆ ಬಾಣಂತಿ ಕೋಣೆಯ ಕೂಸನ್ನು ನೋಡಿಕೊಂಡ ಹಾಗೆ ನೋಡಿಕೊಂಡರೆ ನಿಧಾನಕ್ಕೆ ಕಪ್ಪಾಗಿ, ಎಣ್ಣೆ ಹಚ್ಚಿದ ಹಾಗೆ ಮಿಂಚಿ, ವಾಸನೆ ಬಿಡಲು ಶುರು ಮಾಡುತ್ತದೆ. ಎಸ್ಟೇಟಿನವರು ಇದಕ್ಕೆ ಕ್ಯೂರಿಂಗ್ ಅನ್ನುತ್ತಾರೆ. ಅವಳು ಹದ ಮಾಡೋದು ಅನ್ನುತ್ತಾಳೆ. ಮೊದಮೊದಲು ಆ ವಾಸನೆಗೆ ಮನಸ್ಸೆಲ್ಲ ಅರಳಿ, ಕೂಲಿ ಲೈನಿನ ಹೆಂಗಸರಿಗೆ ಕೈ ಚಾಚಿ ಮೂಸಿ ನೋಡ್ರೇ ಅನ್ನುತ್ತಿದ್ದಳು. ಈಗ ಅನ್ನ ಕಲಸಿದರೂ ಬೆರಳಿಂದ ಅದೇ ಬಂದು, ಹುರುಳಿಸಾರಿಗೆ ಯಾರೋ ಸಕ್ಕರೆ ಸುರಿದ ಹಾಗಾಗಿ, ಅರ್ಧಕ್ಕೇ ತಟ್ಟೆ ಬಿಟ್ಟೇಳುತ್ತಿದ್ದಳು.

ಹೋದ ವರ್ಷ ಇದೇ ಅಂಗಳದ ಮೂಲೆಯಲ್ಲಿ ಕೋವಿ ಹಿಡಿದ ಕಾವಲುಗಾರ ಇದ್ದ. ಬಾಳೂರಿನ ಸುತ್ತ ಎಲ್ಲ ತೋಟಗಳಲ್ಲೂ ಇದ್ದರು. ಕಾಫಿಗೆ ಬೆಲೆ ಬಿದ್ದು ಕಂಗಾಲಾಗಿದ್ದ ಕಾಲದಲ್ಲಿ ಈ ಬಳ್ಳಿ ಬಂದು ಎಲ್ಲರ ತಲೆ ಕೆಡಿಸಿತ್ತು. ಕಳ್ಳರು ಬೆಳೆಯದ ಕೋಡನ್ನೂ ಕಿತ್ತೊಯ್ಯುತ್ತಿದ್ದರು. ಸಂಜೆ ಕೆಲಸ ಬಿಟ್ಟು ಹೊರಡುವ ಹೆಂಗಸರ ಸೆರಗು ಕೊಡವಿಸಿ ನೋಡುವ ಪದ್ಧತಿ ಆಗ ಬಂತು. ಹದ ಮಾಡೋಳೇ ನಾನು, ನಂದೂ ಕೊಡವಬೇಕಾ ಅಂತ ಕೇಳಿದ್ದಕ್ಕೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಪ್ರಶಾಂತ್, "ರೂಲ್ಸ್ ಅಂದ್ರೆ ರೂಲ್ಸ್ ಸರೋಜಮ್ಮ, ನಾಳೆ ನನ್ ಜೇಬೂ ನೋಡ್ತಾರೆ" ಅಂದಿದ್ದ. ಅವನ ಜೇಬನ್ನು ಯಾರೂ ನೋಡಲಿಲ್ಲ. ಅವಳು ಸೆರಗು ಬಿಡಿಸಿ, ಕೊಡವಿ, ಮತ್ತೆ ಸಿಕ್ಕಿಸಿಕೊಳ್ಳುವಾಗ ಕಾವಲುಗಾರ ಮುಖ ಬೇರೆ ಕಡೆ ತಿರುಗಿಸಿದ್ದ. ಆ ತಿರುಗಿಸಿದ್ದು ಇನ್ನೂ ಚುಚ್ಚುತ್ತಿತ್ತು. ಈ ವರ್ಷ ಕಾವಲುಗಾರ ಇಲ್ಲ. ಕೊಚ್ಚಿಯಿಂದ ಬರುತ್ತಿದ್ದ ವ್ಯಾಪಾರಿಗಳ ಕಾರುಗಳೂ ಇಲ್ಲ. ಯಾಕೆ ಅಂತ ಅವಳು ಯಾರನ್ನೂ ಕೇಳಿರಲಿಲ್ಲ. ಎಸ್ಟೇಟಿನ ವ್ಯವಹಾರದ ಬಗ್ಗೆ ಬಾಯಿ ತೆರೆದರೆ ತನ್ನ ಸಂಚು ಹಲ್ಲಿನ ಸಂದಿಯಿಂದ ಕಂಡುಬಿಡುತ್ತದೆ ಅನ್ನುವ ಹೆದರಿಕೆ. ಸಂಚು ಅಂದರೆ ಸೊಂಟದ ಎಲೆಯಡಿಕೆ ಸಂಚಿಯಲ್ಲಿದ್ದ ಕವರು. ಮೇಲೆ ಸ್ಟಾಂಪು ಅಂಟಿಸಿ, ವಿಳಾಸ ಬರೆದು, ಬಾಯಿ ಮುಚ್ಚಿದ್ದು. ಒಳಗಿದ್ದದ್ದು ಕೆಲಸ ಬಿಡುತ್ತೇನೆ ಅನ್ನುವ ಪತ್ರ. ಬರೆದು ಒಂದು ವರ್ಷದ ಮೇಲಾಗಿ, ಕವರಿನ ಮೂಲೆಗಳು ಸುಣ್ಣ ತಾಗಿ ಹಳದಿಯಾಗಿದ್ದವು.

"ಸರೋಜಮ್ಮ, ಬಂಗಲೆಗೆ ಬರ್ಬೇಕಂತೆ." ಪ್ರಶಾಂತ್ ಅಂಗಳದ ಆಚೆ ಚಪ್ಪಲಿ ಬಿಟ್ಟು ನಿಂತಿದ್ದ.

"ಯಾರಂತೆ?"

"ಸಣ್ಣ ಗೌಡ್ರು."

"ಎಂತಕ್ಕೆ?"

"ನಂಗೆಂತ ಗೊತ್ತು ಮಾರಾಯ್ತಿ. ನಿಮಗೇ ಗೊತ್ತಿರಬೇಕು," ಅಂತ ನಕ್ಕು, ಕಾಲಿನ ಬೆರಳಿಂದ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೋದ.

ನಿಮಗೇ ಗೊತ್ತಿರಬೇಕು. ಕೈಯಲ್ಲಿದ್ದ ಕೋಡನ್ನು ಅವಳು ಇಡುವುದನ್ನೇ ಮರೆತಳು. ಭಾನುವಾರ ಗೋಣಿಬೀಡಿನಲ್ಲಿ ಇಲಿಯಾಸನ ಗ್ಯಾರೇಜಿನ ಮುಂದೆ ಇಳಿದಾಗ ರಸ್ತೆಯ ಆಚೆ ಸೆಲೂನಿನಲ್ಲಿ ಬಿಳಿ ಬಟ್ಟೆ ಹೊದ್ದು ಕೂತಿದ್ದವನು ಪ್ರಶಾಂತನೇ ಇರಬೇಕು. ಬಟ್ಟೆ ಹೊದ್ದವರೆಲ್ಲ ಒಂದೇ ತರ ಕಾಣುತ್ತಾರೆ, ಆದರೆ ಕನ್ನಡಿಯಲ್ಲಿ ಅವನಿಗೆ ಇವಳು ಕಂಡಿರಲೇಬೇಕು. ಇಲಿಯಾಸನ ಹೆಂಡತಿ ಸಾಬೀರಾ ಬಾಗಿಲಿಗೆ ಬಂದು "ಬನ್ನಿ ಪಾರ್ಟ್‌ನರೇ" ಅಂತ ಗಟ್ಟಿಯಾಗಿ ಕರೆದದ್ದೂ ಕೇಳಿಸಿರಬೇಕು. ಅವಳಿಗೆ ಎಷ್ಟು ಸಲ ಹೇಳಿಲ್ಲ, ರಸ್ತೇಲಿ ಹಾಗೆ ಕರೀಬೇಡ ಅಂತ. ಸರೋಜಮ್ಮ ಬಂಗಲೆಯ ದಾರಿ ಹತ್ತಲು ಶುರು ಮಾಡಿದಳು. ಸಂಚಿಯನ್ನು ಮನೆಯಲ್ಲಿಟ್ಟು ಬರಬೇಕಿತ್ತು ಅನ್ನಿಸಿತು. ತಿರುಗಿ ಹೋದರೆ ಕಾಣುತ್ತದೆ ಅನ್ನಿಸಿ ಹತ್ತುತ್ತಲೇ ಹೋದಳು. ಅಗ್ರಿಮೆಂಟಿಗೆ ರುಜು ಹಾಕಲು ಅವತ್ತೂ ಈ ದಾರಿಯಲ್ಲೇ ಹತ್ತಿದ್ದು, ಕಾಲಿಗೆ ಹೊಸ ಚಪ್ಪಲಿ ಹಾಕಿಕೊಂಡು. ಕೇರಳದ ಕಡೆಯ ಒಂದು ತೋಟದಲ್ಲಿ ಹದ ಮಾಡುವುದನ್ನು ಕಲಿತು ಬಾ ಅಂತ ಈ ಸಣ್ಣ ಗೌಡರು, ನಂದನ್ ಗೌಡರೇ ಕಳಿಸಿ, ಬಸ್ಸಿಗೆ ಕೊಟ್ಟು, ಚಪ್ಪಲಿಗೂ ಕೊಟ್ಟು, ಅವರ ಅಮ್ಮ ವಿಶಾಲಾಕ್ಷಮ್ಮ ತಮ್ಮ ಹಳೆಯ ಸ್ವೆಟರನ್ನು ಅಲ್ಲಿ ಚಳಿ ಇರಬಹುದು ಅಂತ ಕೊಟ್ಟಿದ್ದರು. ಅಲ್ಲಿ ಬೆವರು ಸುರಿಯುವ ಸೆಕೆ. ಆದರೂ ಅವಳು ಸ್ವೆಟರನ್ನು ರಾತ್ರಿ ತಲೆದಿಂಬು ಮಾಡಿಕೊಂಡು, ನೀರಿನ ಬಿಸಿಯನ್ನು ಮೊಣಕೈ ಅದ್ದಿ ಅಂದಾಜು ಮಾಡುವುದನ್ನು ನೆನೆಸಿಕೊಳ್ಳುತ್ತ ಮಲಗುತ್ತಿದ್ದಳು. ತಿರುಗಿ ಬಂದ ಮೇಲೆ ಅಗ್ರಿಮೆಂಟು.

ಅವತ್ತು ಜಗಲಿಯಲ್ಲಿ ಗೌಡರು, ವಿಶಾಲಾಕ್ಷಮ್ಮ, ಪ್ರಶಾಂತ್, ಮೂಡಿಗೆರೆಯಿಂದ ಬಂದಿದ್ದ ಆಡಿಟರು. ಅವಳ ಮುಂದೆ ಸರದಿಯಲ್ಲಿ ತಿಮ್ಮಮ್ಮ ಇದ್ದಳು, ಪಕ್ಕದ ಲೈನಿನವಳು, ಪೆಟ್ಟಿಗೆ ತುಂಬುವ ಕೆಲಸಕ್ಕೆ ಸೇರಿದ್ದವಳು. ತಿಮ್ಮಮ್ಮ ಹೆಬ್ಬೆಟ್ಟು ಒತ್ತಿ, ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು, ಹೊರಟೇಹೋದಳು. ಸರೋಜಮ್ಮನ ಸರದಿ ಬಂದಾಗ ಗೌಡರು "ಪ್ರಶಾಂತ್, ಓದಿ ಹೇಳು" ಅಂದರು. ಆಗ ಅವಳು ಆ ಮಾತು ಆಡಿದ್ದು. "ನಾನೇ ಓದ್ತೀನಿ." ಯಾಕೆ ಆಡಬೇಕಿತ್ತು! ಕೆಲಸದವರ ಮಕ್ಕಳನ್ನು ನೋಡಿಕೊಳ್ಳುವ ಎಸ್ಟೇಟಿನ ಕೂಸಿನ ಮನೆಯಲ್ಲಿ ಶಿವಯ್ಯ ಮೇಷ್ಟ್ರು ನಡೆಸುತ್ತಿದ್ದ ರಾತ್ರಿ ಶಾಲೆಗೆ ಎರಡು ಮಳೆಗಾಲ ಹೋಗಿ, ಕಣ್ಣಿಗೆ ಹೊಗೆ ಕಟ್ಟಿಸಿಕೊಂಡು ಕಲಿತಿದ್ದಳು. ಓದದೆ ರುಜು ಹಾಕೋರು ಹೆಬ್ಬೆಟ್ಟಿಗಿಂತ ಕಡೆ ಅಂತ ಮೇಷ್ಟ್ರು ಹೇಳುತ್ತಿದ್ದರು. ಕಾಗದ ಅವಳ ಕೈಗೆ ಬಂತು. ಬೆರಳಿಟ್ಟು ಗಟ್ಟಿಯಾಗಿ ಓದಿದಳು. ಸದರಿ ನೌಕರಿಯನ್ನು ಬಿಟ್ಟ ದಿನಾಂಕದಿಂದ ಮೂರು ವರ್ಷಗಳ ಅವಧಿಯವರೆಗೆ ಸದರಿ ತಾಲ್ಲೂಕಿನಲ್ಲಿಯಾಗಲಿ ನೆರೆಯ ತಾಲ್ಲೂಕುಗಳಲ್ಲಿಯಾಗಲಿ, ಸ್ವಂತವಾಗಿಯಾಗಲಿ ಪಾಲುದಾರಳಾಗಿಯಾಗಲಿ, ಪ್ರತ್ಯಕ್ಷವಾಗಿಯಾಗಲಿ. ಅಲ್ಲಿ ಒಂದು ಅಕ್ಷರ ಗಂಟಲಿಗೆ ಸಿಕ್ಕಿಕೊಂಡಿತು. ಪ್ರಶಾಂತ್ ಹಿಂದಿನಿಂದ "ಪರೋಕ್ಷ" ಅಂತ ಎತ್ತಿಕೊಟ್ಟ. ಅವಳು ಅದನ್ನು ತೆಗೆದುಕೊಳ್ಳದೆ ಸಾಲಿನ ಮೊದಲಿಗೆ ಹೋಗಿ ತಾನೇ ಮತ್ತೆ ಓದಿಕೊಂಡು ಬಂದು, ಪ, ರೋ, ಕ್ಷ, ದಾಟಿದಳು. ಪರೋಕ್ಷವಾಗಿಯಾಗಲಿ ವೆನಿಲಾ ಖರೀದಿ, ಸಂಸ್ಕರಣೆ, ಮಾರಾಟ ಇವುಗಳಲ್ಲಿ ತೊಡಗುವುದಿಲ್ಲವೆಂದು ಒಪ್ಪಿ. ಆಗಲಿ ಆಗಲಿ ಅಂತ ಓದುವಾಗ ಅದು ಆಶೀರ್ವಾದದ ಹಾಗೆ ಕೇಳಿಸುತ್ತಿತ್ತು; ಅರ್ಥದ ಕಡೆಗೆ ಹೋಗಲು ಉಸಿರೇ ಉಳಿದಿರಲಿಲ್ಲ. ಮುಗಿಸಿದಾಗ ವಿಶಾಲಾಕ್ಷಮ್ಮ "ಭೇಷ್ ಕಣೇ" ಅಂದರು. ಗೌಡರು ಎದ್ದು ತಾವೇ ಪೆನ್ನು ಕೊಟ್ಟರು. ಅವಳು ರುಜು ಹಾಕಿದಳು, ಸ ದೊಡ್ಡದಾಗಿ, ಕೊನೆಯ ಮ್ಮ ಕಾಗದದ ಅಂಚಿಗೆ ತಾಗಿ ಸಣ್ಣದಾಗಿ.

ಮರುವರ್ಷವೇ ತಿಮ್ಮಮ್ಮ ಕೆಲಸ ಬಿಟ್ಟು ಕಳಸದ ಒಬ್ಬರ ಶೆಡ್ಡಿಗೆ ಇದೇ ಪೆಟ್ಟಿಗೆ ತುಂಬುವ ಕೆಲಸಕ್ಕೆ ಹೋದಳು. ಒಂದು ಸುಗ್ಗಿ ದುಡಿದು, ಅಲ್ಲಿಯವರ ಜತೆ ಜಗಳ ಆಡಿ, ತಿರುಗಿ ಇಲ್ಲಿಗೇ ಬಂದಳು. "ಕಾಗದಕ್ಕೆ ಒತ್ತಿದ್ಯಲ್ಲೇ, ಹೆದರಿಕೆ ಆಗ್ಲಿಲ್ವಾ?" ಅಂತ ಇವಳು ಕೇಳಿದ್ದಕ್ಕೆ, "ಹೆಬ್ಬೆಟ್ಟಿಗೆ ಎಂತ ಗೊತ್ತು ಮಾರಾಯ್ತಿ, ಅದು ಓದಿತ್ತಾ?" ಅಂತ ನಕ್ಕಿದ್ದಳು. ಆ ನಗೆಯನ್ನು ಸರೋಜಮ್ಮ ಎಷ್ಟೋ ದಿನ ಒಳಗೇ ಇಟ್ಟುಕೊಂಡು ತಿರುಗಿದಳು. ತನಗೂ ಹೆಬ್ಬೆಟ್ಟೇ ಇದ್ದಿದ್ದರೆ! ಗೋಣಿಬೀಡಿನಲ್ಲಿ ಇಲಿಯಾಸ್ ತನ್ನ ಗಿರಾಕಿ ವಕೀಲರೊಬ್ಬರನ್ನು ಕೇಳಿಕೊಂಡು ಬಂದು, ಇಂಥ ಕಾಗದ ಕೋರ್ಟಲ್ಲಿ ನಿಲ್ಲೋದು ಕಷ್ಟವಂತೆ, ಹೊಟ್ಟೆಪಾಡು ಮಾಡಬೇಡ ಅಂತ ಬರೆಸಿಕೊಳ್ಳೋಕೆ ಯಾರಿಗೂ ಬರಲ್ವಂತೆ ಅಂದಿದ್ದ. ಅವಳು ತಲೆ ಅಲ್ಲಾಡಿಸಿದ್ದಳು. ಕೋರ್ಟಿನ ಹೆದರಿಕೆ ಅಲ್ಲ ಅದು ಅಂತ ಯಾರಿಗೆ ಹೇಗೆ ಹೇಳುವುದು. ಬೇರೆಯವರು ಓದಿದ್ದರೆ ಅದು ಅವರ ಮಾತು. ಅವಳ ಬಾಯಿಂದ, ಎಲ್ಲರೆದುರು, ಎಡವಿದಲ್ಲಿ ತಿರುಗಿ ಹೋಗಿ ಸರಿಮಾಡಿಕೊಂಡು ಬಂದ ಮಾತು ಅದು. ಚೌಡಿಯ ಕಲ್ಲು ಮುಟ್ಟಿ ಆಡಿದ್ದರೂ ತಪ್ಪುಕಾಣಿಕೆ ಹಾಕಿ ಬಿಡಿಸಿಕೊಳ್ಳಬಹುದಿತ್ತು. ಇದಕ್ಕೆ ಯಾವ ದೇವರೂ ಇರಲಿಲ್ಲ.

ತಿರುವಿನಲ್ಲಿ ನಿಂತು ಉಸಿರು ತೆಗೆದುಕೊಂಡಳು. ಕೆಳಗೆ ಕಣದಲ್ಲಿ ಕಾಫಿ ಹಣ್ಣು ಹರವುತ್ತಿದ್ದ ಹೆಂಗಸರು ಒಬ್ಬಳನ್ನು ರೇಗಿಸುತ್ತ ನಗುತ್ತಿದ್ದರು. ತನ್ನ ಕಡೆ ನೋಡಿ ನಕ್ಕರೇನೋ. ಸಾಬೀರಾಳೂ ಹೀಗೇ ನಗುತ್ತಾಳೆ, ಬಾಯಿ ಮುಚ್ಚಿಕೊಳ್ಳದೆ. ಅವಳು ಎಸ್ಟೇಟಿಗೆ ಮೊದಲ ಸಲ ಬಂದದ್ದು ಹಸಿ ಕೋಡು ಮಾರಲು, ಅಕ್ಕಿಚೀಲದಲ್ಲಿ ಬಾಳೆಲೆ ಹಾಸಿ ಜೋಪಾನವಾಗಿ ತಂದು. ಮನೆಯ ಹಿಂದಿನ ತುಂಡು ಜಾಗದಲ್ಲಿ ತಾನೇ ಬೆಳಗಾಗೆದ್ದು ಒಂದೊಂದು ಹೂವಿಗೂ ಕಡ್ಡಿ ಹಾಕಿ ಪರಾಗ ಮುಟ್ಟಿಸಿ ಕಾಯಿ ಕಟ್ಟಿಸಿದ್ದೆ ಅಂತ ಹೇಳಿಕೊಳ್ಳುತ್ತಿದ್ದಳು. ಉದ್ದನೆಯ, ನೇರವಾದ, ಒಂದೂ ಕಲೆ ಇಲ್ಲದ ಕೋಡುಗಳು. ಸರೋಜಮ್ಮ ಆರಿಸಿ ಬೇರೆ ಮಾಡುತ್ತಿದ್ದಳು, ಒಂದನೇ ದರ್ಜೆಯದು ಈ ಬುಟ್ಟಿಗೆ, ಎರಡನೆಯದು ಆ ಬುಟ್ಟಿಗೆ. ತಕ್ಕಡಿಯ ಹಿಂದೆ ನಿಂತಿದ್ದ ಪ್ರಶಾಂತ್ ಒಂದು ಸಲ ಕೆಮ್ಮಿದ. ಹೊರಗಿನ ಸಣ್ಣ ಬೆಳೆಗಾರರು ಬಂದಾಗ ಅವನು ಕೆಮ್ಮಿದರೆ ಎಂತ ಅಂತ ಅವಳಿಗೆ ಗೊತ್ತಿತ್ತು. ಕೈ ತಾನಾಗಿಯೇ ಆ ಬುಟ್ಟಿಯ ಕಡೆ ಹೋಯಿತು. ಒಳ್ಳೆಯ ಕೋಡುಗಳು ಎರಡನೇ ಬುಟ್ಟಿಗೆ ಬೀಳುತ್ತಿದ್ದಾಗ ಸಾಬೀರಾ ಕೋಡನ್ನು ನೋಡದೆ ಇವಳ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಒಂದು ದಿನ ಮೂಡಿಗೆರೆ ಬಸ್ಸಿನಲ್ಲಿ ಅಕ್ಕಪಕ್ಕ ಕೂರುವ ಹಾಗಾಯಿತು. ಸರೋಜಮ್ಮ ಕಿಟಕಿಯ ಕಡೆ ತಿರುಗಿಕೊಂಡು, "ಅವತ್ತು ನಿಮ್ಮ ಮಾಲು..." ಅಂತ ಶುರು ಮಾಡಿದಾಗ ಸಾಬೀರಾ ಅವಳ ತೊಡೆಗೆ ತಟ್ಟಿ, "ಗೊತ್ತಿತ್ತು ಬಿಡಿ ಸರೋಜಕ್ಕ. ನಿಮ್ ಕೈ ನಡುಗ್ತಿತ್ತು. ಕಳ್ಳರಿಗೆ ಕೈ ನಡುಗಲ್ಲ," ಅಂದು, ಬಸ್ಸಿಗೆ ಬಸ್ಸೇ ತಿರುಗುವ ಹಾಗೆ ನಕ್ಕಳು. ಇಳಿಯುವಷ್ಟರಲ್ಲಿ ಮಾತು ಮುಗಿದೇಹೋಗಿತ್ತು. ಗ್ಯಾರೇಜಿನ ಹಿಂದೆ ಒಂದು ಶೆಡ್ಡು ಇದೆ. ಸುತ್ತಿನ ಸಣ್ಣವರ ಹಸಿ ಕೋಡು ನೇರ ರೇಟಿಗೆ ತಗೊಳ್ಳೋದು. "ಹದ ನೀವು ಮಾಡಿ, ವ್ಯಾಪಾರ ನಾನು ಮಾಡ್ತೀನಿ. ನಿಮಗೆ ಜಗಳ ಆಡೋಕೆ ಬರಲ್ಲ, ನಂಗೆ ಸುಮ್ನಿರೋಕೆ ಬರಲ್ಲ." ಆ ರಾತ್ರಿಯೇ ಅವಳು ಪತ್ರ ಬರೆದದ್ದು. ಇಂದ, ಗೆ, ಮಾನ್ಯರೇ, ಎಲ್ಲ ಮೇಷ್ಟ್ರು ಕಲಿಸಿದ ಹಾಗೆ. ನಾನು ತಮ್ಮಲ್ಲಿ ಕೆಲಸ ಬಿಟ್ಟು ಸ್ವಂತವಾಗಿ ವೆನಿಲಾ ಹದ ಮಾಡುವ ಕೆಲಸ ಶುರು ಮಾಡುತ್ತೇನೆ. ಅಗ್ರಿಮೆಂಟು ಓದಿದ್ದೇನೆ. ಆದರೂ ಮಾಡುತ್ತೇನೆ.

ಆದರೂ ಮಾಡುತ್ತೇನೆ ಅಂತ ಬರೆದ ಕೈ ಬೆಳಗ್ಗೆ ಎದ್ದು ಕಂಬಳಿ ಹಾಸಿತು. ಈ ಸಲದ ಹದ ಮುಗಿಯಲಿ ಅಂದುಕೊಂಡಳು. ಆಮೇಲೆ ಗೌಡರ ತಂಗಿಯ ಮದುವೆ, ಮದುವೆ ಮನೆಗೆ ಅಪಶಕುನ ಬೇಡ. ಆಮೇಲೆ ವಿಶಾಲಾಕ್ಷಮ್ಮನವರಿಗೆ ಕಾಲು ಮುರಿಯಿತು, ಅವರು ಮಲಗಿದಲ್ಲಿಂದಲೇ "ಸರೋಜನ ಕೈಯ ಗಂಜಿ ಬೇಕು" ಅಂದರು. ಕೆಲಸ ಬಿಟ್ಟರೆ ಲೈನ್ ಮನೆಯೂ ಬಿಡಬೇಕು, ಗಂಡ ಸತ್ತ ಮೇಲೂ ಒಬ್ಬಳೇ ಇದ್ದ ಆ ಒಂದೂವರೆ ಕೋಣೆ, ಗೋಡೆಗೆ ತಾನೇ ಸುಣ್ಣ ಹೊಡೆದದ್ದು. ಅಷ್ಟರಲ್ಲಿ ಇಲಿಯಾಸ್ ಹಲಸಿನ ಹಲಗೆಯಲ್ಲಿ ಪೆಟ್ಟಿಗೆ ಮಾಡಿಸಿದ. ಸಾಬೀರಾ ಚಿಕ್ಕಮಗಳೂರಿಗೆ ಹೋಗಿ ಕಂಬಳಿ ತಂದಳು, ಹೋಗುವಾಗ ಕೈಬಳೆ ಇತ್ತು, ಮುಂದಿನ ಭಾನುವಾರ ಇರಲಿಲ್ಲ. ಆ ವರ್ಷ ಬೆಲೆ ಮರದ ತುದಿಗೆ ಹತ್ತಿತ್ತು. ಬೇರೆಯವರ ಶೆಡ್ಡುಗಳಲ್ಲಿ ಹಬ್ಬ. ಗೋಣಿಬೀಡಿನ ಶೆಡ್ಡು ಸುಣ್ಣ ಬಳಿದುಕೊಂಡು ಬಾಗಿಲು ಹಾಕಿಕೊಂಡೇ ಕೂತಿತ್ತು. "ಬರೋ ವರ್ಷ ಖಂಡಿತ" ಅಂತ ಇವಳು ಹೇಳಿದಾಗ ಸಾಬೀರಾ ಮೊದಲ ಸಲ ನಗಲಿಲ್ಲ.

ಬಂಗಲೆ ಬಂತು. ಜಗಲಿಯಲ್ಲಿ ಗೌಡರು ಪೇಪರು ಮಡಚುತ್ತಿದ್ದರು. ವಿಶಾಲಾಕ್ಷಮ್ಮ ಮುರಿದು ಕೂಡಿದ ಕಾಲನ್ನು ಚಾಚಿ, ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಪ್ರಶಾಂತ್ ಕಂಬಕ್ಕೆ ಒರಗಿದ್ದ. ಸರೋಜಮ್ಮ ಮೆಟ್ಟಿಲ ಕೆಳಗೇ ನಿಂತಳು. ಏನು ಹೇಳಬೇಕು ಅನ್ನುವುದನ್ನು ತಿರುವಿನಿಂದ ಇಲ್ಲಿಯವರೆಗೆ ಜೋಡಿಸಿಕೊಂಡು ಬಂದಿದ್ದಳು. ಹೌದು ಅಯ್ಯಾ, ಹೋಗಿದ್ದೆ. ಹೌದು, ಓದಿ ರುಜು ಹಾಕಿದ್ದೆ. ಹೆದರಿಕೆಯ ಅಡಿಯಲ್ಲಿ ಒಂದು ಥರದ ಸಡಗರವೂ ಇತ್ತು, ಕೊನೆಗೂ ಕೇಳುತ್ತಾರೆ, ಕೊನೆಗೂ ಹೇಳಿಯೇಬಿಡುತ್ತೇನೆ ಅನ್ನುವ ಹಾಗೆ.

"ಅಂಗಳದಲ್ಲಿರೋದು ಎಷ್ಟು ದಿನದ ಕೆಲ್ಸ ಸರೋಜ?" ಗೌಡರು ಕೇಳಿದರು.

"ಇನ್ನೂ ಬಿಸಿಲು ಬೇಕು ಅಯ್ಯಾ. ಆಮೇಲೆ ಪೆಟ್ಟಿಗೇಲಿ ಇಡೋದು..."

"ಬೇಡ. ಈ ವಾರಕ್ಕೆ ನಿಲ್ಸು."

ಅವಳಿಗೆ ಅರ್ಥವಾಗಲಿಲ್ಲ.

"ಮುಗೀತು ಅದು. ಕೊಚ್ಚಿಯವರು ಫೋನೇ ಎತ್ತಲ್ಲ. ಹೋದ ವರ್ಷದ ಕೊನೇ ಮಾಲೇ ಡಬ್ಬಿ ಡಬ್ಬಿ ಹಾಗೇ ಕೂತಿದೆ, ಗೊತ್ತಲ್ಲ ನಿಂಗೆ? ಮಡಗಾಸ್ಕರ್ ಕಡೆ ಬೆಳೆ ಬಂತಂತೆ, ನಮ್ಮದನ್ನ ಕೇಳೋರಿಲ್ಲ. ತರಕಾರಿ ಬೀನ್ಸಿಗೆ ಇದಕ್ಕಿಂತ ಮರ್ಯಾದೆ ಇದೆ ಈಗ."

"ಬೀನ್ಸ್ ಆದ್ರೆ ಪಲ್ಯನಾದ್ರೂ ಆಗ್ತಿತ್ತು," ಅಂದರು ವಿಶಾಲಾಕ್ಷಮ್ಮ.

"ಬಳ್ಳಿ ಕಿತ್ತು ಹಾಕೋಕೆ ಹೇಳಿದೀನಿ. ಮೆಣಸು ಹಬ್ಬಿಸ್ತೀವಿ. ನೀನು ಸೋಮವಾರದಿಂದ ಕಣಕ್ಕೆ ಹೋಗು, ಕಾಫಿ ಹರವೋ ಕಡೆ. ಕೆಲ್ಸ ಇಲ್ಲ ಅನ್ನಲ್ಲ ನಾನು." ಗೌಡರು ಪ್ರಶಾಂತನ ಕಡೆ ನೋಡಿದರು. "ಮನೆ ವಿಷ್ಯ ಹೇಳು."

ಪ್ರಶಾಂತ್ ಕಂಬ ಬಿಟ್ಟು ನೆಟ್ಟಗಾದ. "ಬಯಲುಸೀಮೆ ಕಡೆಯಿಂದ ಆಳುಗಳು ಸಂಸಾರ ಸಮೇತ ಬರ್ತಿದಾರೆ ಸರೋಜಮ್ಮ. ಒಬ್ಬರೇ ಒಂದು ಮನೆ ಅಂದ್ರೆ... ತಿಮ್ಮಮ್ಮನ ಜತೆ ಇದ್ಕೊಳ್ಳಿ. ಅವಳು ಹೂಂ ಅಂದಿದಾಳೆ."

ತಿಮ್ಮಮ್ಮನನ್ನು ಮೊದಲು ಕೇಳಿದ್ದಾರೆ. ಕಣದಲ್ಲಿ ನಕ್ಕದ್ದು ಅದಕ್ಕೇ ಇರಬೇಕು. ಸರೋಜಮ್ಮ ವಿಶಾಲಾಕ್ಷಮ್ಮನವರ ಮೊರದ ಮೇಲಿಂದ ಉರುಳಿ ಮೆಟ್ಟಿಲ ಮೇಲೆ ಬಿದ್ದ ಒಂದು ಕಾಳನ್ನೇ ನೋಡುತ್ತಿದ್ದಳು. ಎತ್ತಿ ಕೊಡಬೇಕೋ ಬೇಡವೋ. ಇಷ್ಟು ಕೇಳಲು ಇವರು ಕರೆದದ್ದು. ತಾನು ಹೋಗಿ ಬಂದದ್ದು, ಬರೆದದ್ದು, ಹೆದರಿದ್ದು ಯಾವುದೂ ಈ ಜಗಲಿಯವರೆಗೆ ಬಂದೇ ಇಲ್ಲ. ಎತ್ತಿ ಮೊರಕ್ಕೆ ಹಾಕಿದಳು. ಆಮೇಲೆ ಬಾಯಿ ತಾನಾಗಿಯೇ ಕೇಳಿತು.

"ಅಗ್ರಿಮೆಂಟು ಅಯ್ಯಾ?"

"ಯಾವ ಅಗ್ರಿಮೆಂಟು?"

"ವೆನಿಲಾದ್ದು. ಕೆಲ್ಸ ಬಿಟ್ರೆ ಮೂರು ವರ್ಷ ಬೇರೆ ಕಡೆ ಮಾಡಬಾರದು ಅಂತ. ನಾನು ಓದಿ..."

ಗೌಡರು ಪ್ರಶಾಂತನ ಮುಖ ನೋಡಿದರು. ಪ್ರಶಾಂತ್ ಹುಬ್ಬೇರಿಸಿದ. "ಓ, ಅದಾ!" ಗೌಡರಿಗೆ ನಿಜವಾಗಿಯೂ ನಗು ಬಂತು, ಕೆಟ್ಟ ನಗು ಅಲ್ಲ. "ಆ ಆಡಿಟರು ಎಲ್ಲರ ಹತ್ರಾನೂ ಬರ್ಸಿದ್ದು. ಎಲ್ಲಿದ್ಯೋ ಅದು. ಇದ್ಯಾ ಪ್ರಶಾಂತ್?"

"ಹಳೇ ಫೈಲಲ್ಲಿ ಇರ್ಬೇಕು. ಗೆದ್ದಲು ಹಿಡಿದಿತ್ತಲ್ಲ ಸರ್, ಆ ಕಟ್ಟು. ಸುಟ್ವಿ ಅನ್ಸುತ್ತೆ."

"ನೋಡು. ಮಾಡ್ಕೋ ಮಾರಾಯ್ತಿ, ಯಾರು ಬೇಡ ಅಂತಾರೆ? ಅಂಗಳದಲ್ಲಿರೋದನ್ನೂ ಕಟ್ಕೊಂಡು ಹೋಗು ಬೇಕಾದ್ರೆ. ಅದನ್ನ ಇನ್ನೂ ನೆನಪಿಟ್ಕೊಂಡಿದೀಯಲ್ಲ!"

"ಹೊಸದಾಗಿ ಓದು ಕಲ್ತೋರಿಗೆ ಹಾಗೇ," ಅಂದರು ವಿಶಾಲಾಕ್ಷಮ್ಮ ಪ್ರೀತಿಯಿಂದಲೇ, "ಎಲ್ಲ ನೆನಪಿರ್ತದೆ."

ಇಳಿಯುವಾಗ ಕಾಲು ಹಗುರಾಗಬೇಕಿತ್ತು. ಆಗಲಿಲ್ಲ. ಬೆನ್ನ ಮೇಲಿನ ಕಲ್ಲನ್ನು ಇಳಿಸಿದವರು ಇಳಿಸುವಾಗ ಹೇಳುತ್ತಿದ್ದಾರೆ, ಕಲ್ಲೇ ಇರಲಿಲ್ಲ ಅಂತ. ಹಾಗಾದರೆ ಬೆನ್ನು ಬಾಗಿದ್ದು ಯಾವುದಕ್ಕೆ? ಅಂಗಳಕ್ಕೆ ಬಂದು ನೋಡಿದರೆ ಬಿಸಿಲು ಹೆಚ್ಚಾಗಿತ್ತು. ಇಷ್ಟು ಹೊತ್ತು ಬಿಟ್ಟರೆ ಕೋಡು ಒಣಗಿ ಸೀಳುತ್ತದೆ. ಕೈ ಆತುರಾತುರವಾಗಿ ಎಲ್ಲವನ್ನೂ ಗುಡ್ಡೆ ಮಾಡಿ ಕಂಬಳಿ ಮಡಚಿತು, ಮಡಚಿ ಮುಗಿಸಿದ ಮೇಲೆ ಇದನ್ನು ಯಾಕೆ ಮಾಡಿದೆ ಅಂತ ಹೊಳೆಯಿತು. ಬಿಚ್ಚಿ ಚೆಲ್ಲಾಡಿಬಿಡಬೇಕು ಅನ್ನಿಸಿ, ಬಗ್ಗಿ, ಕಂಬಳಿಯ ಮಡಿಕೆಗೆ ಕೈ ಹಾಕಿ, ಹಾಗೇ ಬಿಟ್ಟಳು. ಅವರ ಮೇಲೆ ಸಿಟ್ಟು ಬರುತ್ತದಾ ಅಂತ ಹುಡುಕಿದಳು. ಕೇರಳಕ್ಕೆ ಕಳಿಸಿದವರು, ಗಂಜಿ ಕೇಳಿದವರು, ಮರೆತವರು. ಮರೆತವರ ಮೇಲೆ ಸಿಟ್ಟು ಮಾಡುವುದು ಹೇಗೆ? ಹೋಗಲಿ, ಕೋರ್ಟಿಗೆ ಎಳೆದಿದ್ದರೆ, ನಾಲ್ಕು ಜನರೆದುರು ಬೈದಿದ್ದರೆ, ಆ ಕಾಗದವನ್ನು ಮುಖದ ಮುಂದೆ ಹಿಡಿದಿದ್ದರೆ! ಇವಳೊಬ್ಬಳೇ ಅದನ್ನು ಎರಡು ಕಡೆಯಿಂದಲೂ ಹಿಡಿದುಕೊಂಡು ನಿಂತಿದ್ದಳು, ಅವರ ತುದಿಯನ್ನೂ ತಾನೇ.

ಮಧ್ಯಾಹ್ನದ ಜೀಪಿನಲ್ಲಿ ಹಿಂದಿನ ಬಾಗಿಲಿಗೆ ಜೋತುಬಿದ್ದವರ ಕಾಲುಗಳ ನಡುವೆ ಕೂತು ಗೋಣಿಬೀಡಿಗೆ ಹೋದಳು. ಪಕ್ಕದವಳು ಮೂಗು ಸೇದಿ, "ಏನೋ ಸ್ವೀಟ್ ವಾಸನೆ ಬರ್ತದಲ್ಲ" ಅಂದಳು. ಸರೋಜಮ್ಮ ಕೈಗಳನ್ನು ಸೆರಗಿನ ಒಳಗೆ ಸೇರಿಸಿಕೊಂಡಳು. ಸಾಬೀರಾಗೆ ಹೇಗೆ ಹೇಳುವುದು. ಅವರು ಬಿಟ್ಟುಬಿಟ್ರು, ಈಗ ಮಾಡಬಹುದು ಅಂತ ಮೊದಲು ಹೇಳುವುದಾ? ಈಗ ಮಾಡಿ ಪ್ರಯೋಜನ ಇಲ್ಲ ಅಂತ ಮೊದಲು ಹೇಳುವುದಾ?

ಗ್ಯಾರೇಜಿನಲ್ಲಿ ಇಲಿಯಾಸ್ ಜೀಪಿನ ಅಡಿಯಿಂದ ಕಾಲು ಮಾತ್ರ ಕಾಣುವ ಹಾಗೆ ಮಲಗಿದ್ದ. ಸಾಬೀರಾ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದವಳು ಇವಳನ್ನು ನೋಡಿ ಹಿಂಡುವುದನ್ನು ನಿಲ್ಲಿಸಲಿಲ್ಲ.

"ವಾರದ ಮಧ್ಯ ಬಂದಿದೀರಿ. ಕೆಲ್ಸದಿಂದ ತೆಗೆದ್ರಾ?"

"ಶೆಡ್ ಮುಚ್ತಾರಂತೆ. ಕೊಳ್ಳೋರೇ ಇಲ್ವಂತೆ."

"ಹೂಂ."

"ನಿನಗೆ ಗೊತ್ತಿತ್ತಾ?"

"ದೀಪಾವಳಿಗೆ ಮುಂಚೆನೇ ಲಾರಿಯೋರು ಇವರಿಗೆ ಹೇಳಿದ್ರು." ಸೀರೆಯ ಇನ್ನೊಂದು ತುದಿಯನ್ನು ಇವಳ ಕೈಗೆ ಕೊಟ್ಟು ಹಿಂಡಿದಳು. ನೀರು ಇಬ್ಬರ ಕಾಲ ಮೇಲೂ ಬಿತ್ತು. "ಭಾನುವಾರ ಹೇಳೋಣ ಅಂತ ಇದ್ದೆ. ನೀವು ಬಂದು ಬರೋ ತಿಂಗಳು ಖಂಡಿತ, ಬರೋ ತಿಂಗಳು ಖಂಡಿತ ಅಂತಿದ್ರಲ್ಲ, ಬಾಯಿ ಬರ್ಲಿಲ್ಲ."

ಸರೋಜಮ್ಮ ಶೆಡ್ಡಿನ ಬಾಗಿಲು ತಳ್ಳಿ ನೋಡಿದಳು. ಒಳಗೆ ಹಳೆಯ ಟೈರುಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಹಲಸಿನ ಪೆಟ್ಟಿಗೆಯೊಂದರಲ್ಲಿ ನಟ್ಟು ಬೋಲ್ಟು. ಕಂಬಳಿಗಳು ಕಟ್ಟು ಬಿಚ್ಚದೆ ಅಟ್ಟದ ಮೇಲಿದ್ದವು. ಸಾಬೀರಾ ಹಿಂದೆ ಬಂದು ನಿಂತದ್ದು ಅವಳ ಒದ್ದೆ ಬಟ್ಟೆಯ ತಂಪಿನಿಂದ ಗೊತ್ತಾಯಿತು.

"ಬೈಯ್ಯಿ," ಅಂದಳು ಸರೋಜಮ್ಮ ತಿರುಗದೆ. "ಒಂದ್ಸಲ ಬಾಯ್ತುಂಬ ಬೈದುಬಿಡು."

"ಬೈದು ಎಂತ ಆಗ್ಬೇಕು." ಸಾಬೀರಾ ಹೇಳಿದಳು, "ಹೋದ ವರ್ಷ ನೀವು ಬಂದಿದ್ರೆ ಈ ವರ್ಷ ಮುಳುಗ್ತಿದ್ವಿ ಸರೋಜಕ್ಕ. ನಮ್ಮದೇ ಮುಳುಗ್ತಿತ್ತು. ಈಗ ನೋಡಿ, ಮುಳುಗೋಕೂ ನಮ್ದು ಅಂತ ಒಂದಿಲ್ಲ. ಅದೇ ಬೇಜಾರು, ಇನ್ನೇನಿಲ್ಲ."

ಆ ಕಾಗದ ಸುಟ್ಟುಹೋಗಿದೆ, ಅವರಿಗೆ ನೆನಪೇ ಇರಲಿಲ್ಲ ಅನ್ನುವುದನ್ನು ಸರೋಜಮ್ಮ ಹೇಳಲು ಬಾಯಿ ತೆರೆದಳು. ಸಾಬೀರಾಳ ಬಳೆಯಿಲ್ಲದ ಬರಿಗೈ ಬಾಗಿಲ ಚೌಕಟ್ಟಿನ ಮೇಲಿತ್ತು. ಅದನ್ನು ಮಾತ್ರ ಹೇಳಲಾರೆ, ಯಾವತ್ತಿಗೂ ಹೇಳಲಾರೆ ಅಂತ ಅಲ್ಲೇ ತಿಳಿಯಿತು. ಸಂಚಿ ಬಿಚ್ಚಿ ಕವರು ತೆಗೆದಳು.

"ಇದನ್ನ ಹಾಕ್ತೀನಿ."

"ಈಗಲಾ?" ಸಾಬೀರಾಗೆ ನಗು ಬಂದುಬಿಟ್ಟಿತು, ಬಂದು ಅರ್ಧಕ್ಕೇ ನಿಂತಿತು. "ಶೆಡ್ಡು ಅವ್ರೇ ಮುಚ್ಚಿದಾರಲ್ಲ ಮಾರಾಯ್ತಿ. ಇದನ್ನ ನೋಡಿದ್ರೆ ಇರೋ ಕೆಲ್ಸದಿಂದಾನೂ ತೆಗೀತಾರೆ. ಲೈನ್ ಮನೆನೂ ಹೋಗ್ತದೆ."

"ಹೋಗ್ಲಿ."

"ಎಲ್ಲಿರ್ತೀರಿ? ಟೈರಿನ ಮಧ್ಯ ಮಲಗ್ತೀರಾ?"

"ಜಾಗ ಕೊಡ್ತೀಯಾ?"

ಸಾಬೀರಾ ಒಳಗೆ ಹೋಗಿ, ಮೇಲಿನ ಒಂದು ಟೈರನ್ನು ಎಳೆದು ಕೆಳಗೆ ಹಾಕಿ, ಅದರ ಮೇಲೆ ಕೂತು, ಒದ್ದೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಮೇಲೆ, "ತಾರೀಕಾದ್ರೂ ತಿದ್ದಿ. ಹೋದ ವರ್ಷದ್ದಿರ್ತದೆ ಅದರಲ್ಲಿ," ಅಂದಳು.

"ಬೇಡ. ಅವತ್ತು ಬರೆದಿದ್ದು ಅದು."

ಪೋಸ್ಟಾಫೀಸಿನಲ್ಲಿ ಮೇಜಿನ ಹಿಂದಿದ್ದವರು ಆ ದಿನದ ಟಪಾಲನ್ನು ಚೀಲಕ್ಕೆ ತುಂಬುವ ಆತುರದಲ್ಲಿದ್ದರು. ಕವರನ್ನು ಕೈಯಲ್ಲೇ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು. ಒಳಗೆ ಬರೆದದ್ದರಲ್ಲಿ ಈಗ ನಿಜವಾದದ್ದು ಯಾವುದು ಅಂತ ಸರೋಜಮ್ಮ ಒಂದೊಂದೇ ಸಾಲು ನೆನೆಸಿಕೊಂಡಳು. ವೆನಿಲಾ ಇಲ್ಲ. ಶುರು ಮಾಡುವುದಿಲ್ಲ. ಅಗ್ರಿಮೆಂಟು ಇಲ್ಲ. ಕೆಲಸ ಬಿಟ್ಟು ಅನ್ನುವಲ್ಲಿಗೆ ಬಂದು ನಿಂತಳು; ಅದೊಂದು ಉಳಿದಿತ್ತು.

"ಬಾಳೂರಿನ ಕಡೆಯೋರಲ್ವಾ ನೀವು? ಅಲ್ಲಿಗೇ ಬರೆದಿದೀರಿ," ಅಂದರು ಅವರು. "ಕೈಯಲ್ಲೇ ಕೊಡಬಹುದಿತ್ತಲ್ಲಮ್ಮ. ಸುಮ್ನೆ ಇಲ್ಲಿಂದ ಮೂಡಿಗೆರೆಗೆ ಹೋಗಿ, ಸುತ್ತಿ ಬಂದು, ಮತ್ತೆ ನಿಮ್ ಎಸ್ಟೇಟಿಗೇ ಬರ್ತದೆ. ವಾಪಸ್ ಬೇಕಾ?"

"ಬೇಡ," ಅಂದಳು. "ಸುತ್ತಿಕೊಂಡೇ ಬರ್ಲಿ."

ಅವರು ಕವರನ್ನು ಮೇಜಿನ ಮೇಲಿಟ್ಟು ಠಸ್ಸೆ ಎತ್ತಿದರು. ಸ್ಟಾಂಪಿನ ಮೇಲೆ ಒಂದು ಏಟು ಬಿತ್ತು. ತನ್ನ ಕವರಿಗೆ ಇನ್ನೊಂದು ಏಟೂ ಬೀಳುತ್ತದೆ ಅನ್ನುವ ಹಾಗೆ ಅವಳು ಬಾಗಿಲವರೆಗೆ ಹೋಗಿ ಅಲ್ಲೇ ಕಾದು ನಿಂತಳು. ಬಿತ್ತು, ಬೇರೆ ಯಾರದೋ ಕಾಗದದ ಮೇಲೆ.